ಬೆಲ್ಲರ ಕಥೆಯಿಂದ ಮೇಬಲ್ ಅವರನ್ನು ಅಳಿಸಬೇಡಿ

ನಿನ್ನೆ ಶಾಲೆಯೊಂದರ ಕಾರ್ಯಕ್ರಮದಲ್ಲಿ ಪುಟ್ಟ ಹುಡುಗಿಯೊಬ್ಬಳು ಅಲೆಕ್ಸಾಂಡರ್ ಗ್ರಹಾಂ ಬೆಲ್ ಕುರಿತು ಎಲ್ಲೂ ತಡವರಿಸದೆ ಮಾತನಾಡಿದಳು. ಬೆಲ್ಲರ ಪ್ರೇಯಸಿಯ ಹೆಸರು ಮಾರ್ಗರೆಟ್ ಹಲೋ, ಅವರು ಫೋನಿನಲ್ಲಿ ಮೊದಲು ಕರೆದದ್ದು ಅವಳನ್ನೇ ಎಂದು ಮುಗಿಸಿದಾಗ ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಮಗುವಿನದು ಏನೂ ತಪ್ಪಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದನ್ನು ಪರಿಶೀಲಿಸದೆ ಬರೆದುಕೊಟ್ಟ ಹಿರಿಯರ ಮೇಲೆ ನನಗೆ ಕೋಪವಿದೆ. ಅಂಥ ಪ್ರೇಯಸಿ ಬೆಲ್ಲರಿಗೆ ಇರಲೇ ಇಲ್ಲ. 1876ರ ಮಾರ್ಚ್ 10ರಂದು ಬಾಸ್ಟನ್ನಿನಲ್ಲಿ ಅವರು ತಂತಿಯ ಮೂಲಕ ಕರೆದದ್ದು ಬೇರೆ ಕೋಣೆಯಲ್ಲಿದ್ದ ಸಹಾಯಕ ಥಾಮಸ್ ವಾಟ್ಸನ್‌ರನ್ನು.

ಅವರು ಪ್ರೀತಿಸಿ 1877ರಲ್ಲಿ ಮದುವೆಯಾದದ್ದು ತಮ್ಮ ಶಿಷ್ಯೆ ಮೇಬಲ್ ಹಬ್ಬರ್ಡ್ ಅವರನ್ನು. ಐದನೆಯ ವಯಸ್ಸಿನಲ್ಲಿ ಸ್ಕಾರ್ಲೆಟ್ ಜ್ವರ ಬಂದು ಕಿವುಡಾಗಿದ್ದ ಮೇಬಲ್, ಎದುರಿನವರ ತುಟಿಯ ಚಲನೆ ನೋಡಿಯೇ ಮಾತನ್ನು ಗ್ರಹಿಸುತ್ತಿದ್ದರು. ಬೆಲ್ ಟೆಲಿಫೋನ್ ಕಂಪನಿಯಲ್ಲಿದ್ದ ತಮ್ಮ ಪಾಲಿನ ಷೇರುಗಳಲ್ಲಿ ಹತ್ತನ್ನು ಮಾತ್ರ ಇಟ್ಟುಕೊಂಡು ಉಳಿದೆಲ್ಲವನ್ನೂ ಬೆಲ್ ಮದುವೆಯ ಉಡುಗೊರೆಯಾಗಿ ಆಕೆಗೆ ಕೊಟ್ಟರು. ಇಂಥ ಹೆಣ್ಣುಮಗಳನ್ನು ಬದಿಗೆ ಸರಿಸಿ, ಹುಟ್ಟೇ ಇಲ್ಲದವಳನ್ನು ಆ ಜಾಗದಲ್ಲಿ ಕೂರಿಸುವುದು ಅನ್ಯಾಯ.

'ಮಕ್ಕಳಿಗೆ ನೆನಪಿರಲಿ ಎಂದು ಹೇಳುವ ಕಥೆ, ಅದರಿಂದೇನು ನಷ್ಟ?' ಎಂದು ಪಕ್ಕದಲ್ಲಿದ್ದ ಗೆಳೆಯರು ಕೇಳಿದರು. ನಷ್ಟ ಬಹಳವಿದೆ, ಏಕೆಂದರೆ ಟೆಲಿಫೋನ್ ಹುಟ್ಟಿದ ದಾರಿಯೇ ಈ ಕಥೆಯಲ್ಲಿ ಮುಚ್ಚಿಹೋಗುತ್ತದೆ. ಬೆಲ್ಲರ ತಾಯಿಗೆ ಕಿವಿ ಮಂದವಾಗಿತ್ತು. ತಂದೆ ಮಾತಿನ ಧ್ವನಿಗಳನ್ನು ಬರಹದ ಚಿಹ್ನೆಗಳಲ್ಲಿ ತೋರಿಸುವ ಪದ್ಧತಿಯನ್ನು ರೂಪಿಸಿದವರು. ಬೆಲ್ ಸ್ವತಃ ಕಿವುಡ ಮಕ್ಕಳ ಮೇಷ್ಟ್ರು. ತಾವಾಡಿದ ಮಾತಿನ ಆಕಾರವನ್ನು ಆ ಮಕ್ಕಳು ಕಣ್ಣಿನಿಂದಲಾದರೂ ಕಾಣಲೆಂದು, 1874ರಲ್ಲಿ ಅವರು ವೈದ್ಯರೊಬ್ಬರಿಂದ ಮೃತನೊಬ್ಬನ ಕಿವಿಯನ್ನು ಪಡೆದು, ಅದರ ಪುಟ್ಟ ಮೂಳೆಗೆ ಒಣಹುಲ್ಲಿನ ಕಡ್ಡಿ ಅಂಟಿಸಿ, ಮಸಿ ಹಿಡಿಸಿದ ಗಾಜಿನ ಮೇಲೆ ಧ್ವನಿಯ ಅಲೆಗಳು ಗೆರೆಯಾಗಿ ಮೂಡುವಂತೆ ಮಾಡಿದರು. ಕಾಗದದಷ್ಟು ತೆಳುವಾದ ಕಿವಿದೆರೆ ಮೂಳೆಯನ್ನು ಅಲುಗಿಸಬಲ್ಲದಾದರೆ, ಇನ್ನೂ ದೊಡ್ಡ ಪೊರೆಯೊಂದು ಕಬ್ಬಿಣದ ತುಣುಕನ್ನೇಕೆ ಅಲುಗಿಸಬಾರದು ಎಂಬ ಯೋಚನೆ ಅವರಿಗೆ ಹೊಳೆದದ್ದು ಆಗಲೇ. ಇದನ್ನು ಹೇಳಿದರೆ ಮಕ್ಕಳಿಗೆ ನೆನಪಿರುವುದಿಲ್ಲವೇ?

ಬೆಲ್ಲರನ್ನು ದೇವರು ಮಾಡಿ ಎಂದು ನಾನು ಹೇಳುತ್ತಿಲ್ಲ. ನನ್ನ ತಂಗಿಗೆ ಕಿವಿ ಕೇಳುವುದಿಲ್ಲ. ಶಾಲೆಯಲ್ಲಿ ಕೈಸನ್ನೆ ಮಾಡಿದ್ದಕ್ಕೆ ಅವಳು ಅಂಗೈಗೆ ಏಟು ತಿಂದಿದ್ದಳು. ಕಿವುಡ ಮಕ್ಕಳಿಗೆ ಬಾಯಿಮಾತಿನಲ್ಲೇ ಕಲಿಸಬೇಕೆಂದು 1880ರ ಮಿಲಾನ್ ಸಮ್ಮೇಳನ ನಿರ್ಣಯಿಸಿತು. ಅದೇ ವಾದದ ಬಲವಾದ ದನಿ ಬೆಲ್. ಕಿವುಡರು ಕಿವುಡರನ್ನೇ ಮದುವೆಯಾದರೆ ಕಿವುಡರದೇ ಒಂದು ತಳಿ ಬೆಳೆದೀತೆಂಬ ಆತಂಕವನ್ನು ಅವರು 1883ರಲ್ಲಿ ವಿಜ್ಞಾನಿಗಳ ಮುಂದೆ ಮಂಡಿಸಿದರು. ಅದಕ್ಕಾಗಿ ಕಿವುಡ ಸಮುದಾಯದ ಅನೇಕರು ಅವರನ್ನು ಇಂದಿಗೂ ಕ್ಷಮಿಸಿಲ್ಲ. ನಾನೂ ಆ ವಾದವನ್ನು ಒಪ್ಪುವುದಿಲ್ಲ. ಆದರೆ ಆ ಮನುಷ್ಯನನ್ನು ಮೆಚ್ಚುವುದಕ್ಕೂ ಅವರೊಡನೆ ಜಗಳವಾಡುವುದಕ್ಕೂ ಮೊದಲು ಅವರ ನಿಜವಾದ ಬದುಕು ಗೊತ್ತಿರಬೇಕು. ಮಾರ್ಗರೆಟ್ ಕಥೆಯನ್ನು ಕಲಿತ ಮಕ್ಕಳಿಗೆ ಅವರು ಕಿವುಡರ ಮೇಷ್ಟ್ರಾಗಿದ್ದರೆಂಬುದೇ ತಿಳಿಯುವುದಿಲ್ಲ.