ಅಮ್ಮನ ಮಾತಿಗೆ ಬೇರೆ ಯಾರಾದರೂ ಬೇಕು
"ಅಮ್ಮ ಗೋಳು ತೋಡಿಕೊಳ್ಳಲು ಬಂದರೆ 'ಈಗ ಬೇಡ' ಅನ್ನಿ" ಅಂತ, ಚಿಕ್ಕಂದಿನಿಂದ ಅಪ್ಪ-ಅಮ್ಮನನ್ನು ಸಮಾಧಾನ ಮಾಡುತ್ತಾ ಬೆಳೆದ ಮಕ್ಕಳ ಬಗ್ಗೆ ನಾನು ಓದಿದ ಲೇಖನವೊಂದರಲ್ಲಿದೆ. ಅಷ್ಟು ಸುಲಭ ಅಲ್ಲ. ಪ್ರೈಮರಿ ಶಾಲೆಯಿಂದಲೇ ಅಪ್ಪ-ಅಮ್ಮನ ಜಗಳ ಬಿಡಿಸುತ್ತಾ ಬೆಳೆದ ಹಿರಿ ಮಗಳು ನಾನು. ಹಾಗೆ ಅಂದ ರಾತ್ರಿ ನಿದ್ದೆ ಬರುವುದಿಲ್ಲ, ಬೆಳಿಗ್ಗೆ ನಾವೇ ಫೋನ್ ಮಾಡಿ ಸಮಾಧಾನ ಮಾಡುತ್ತೇವೆ. ಮೊದಲು ಅಮ್ಮನಿಗೆ ಮನಸ್ಸು ಬಿಚ್ಚಿ ಮಾತಾಡಲು ಬೇರೆ ಯಾರಾದರೂ ಸಿಗಬೇಕು. ನಮ್ಮಲ್ಲಿ ಚಿಕ್ಕಮ್ಮ ಸಿಕ್ಕರು. ಯಾರೂ ಇಲ್ಲದವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಲೇಖಕರು ಬಿಟ್ಟ ಇನ್ನೊಂದು ವಿಷಯ: ನನ್ನಂಥವರು ಕೌನ್ಸೆಲರ್ ಮುಂದೆಯೂ "ಪರವಾಗಿಲ್ಲ ಮೇಡಂ, ಚೆನ್ನಾಗಿದ್ದೇನೆ" ಅಂತ ಅವರನ್ನೇ ಸಮಾಧಾನ ಮಾಡುತ್ತೇವೆ. (ಅವರ ಮುಖ ಸಪ್ಪಗಾದರೆ ನಮಗೆ ಗಾಬರಿ!) ಈ ಅಭ್ಯಾಸವನ್ನು ಮೊದಲ ಭೇಟಿಯಲ್ಲೇ ಅವರಿಗೆ ಹೇಳಿಬಿಡುವುದು ವಾಸಿ.