ಅಮ್ಮನ ಕವರ್ ಮತ್ತು ಮೇರಿಲ್ಯಾಂಡಿನ ಕಂಪ್ಯೂಟರ್

ರಾತ್ರಿ ಹನ್ನೊಂದಕ್ಕೆ ಅಮ್ಮ ಎದೆ ಭಾರ ಅಂದರು. ಎಮರ್ಜೆನ್ಸಿಗೆ ಹೊರಟೆವು. ಕಾರು ಹತ್ತುವ ಮೊದಲು ಅವರು ಹೇಳಿದ್ದು ಒಂದೇ ಮಾತು: "ಲೋ, ಆ ಕವರ್ ತಗೊಂಡ್ ಬಾರೋ."

ತಿಪಟೂರಿನ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರ್ ಅದು. ಒಳಗೆ ಆರೇಳು ವರ್ಷದ ಚೀಟಿಗಳು, ಶುಗರ್ ರಿಪೋರ್ಟುಗಳು, ಮಡಿಸಿ ಮಡಿಸಿ ಮಡಿಕೆಯಲ್ಲೇ ಹರಿದ ಡಿಸ್ಚಾರ್ಜ್ ಸಮ್ಮರಿ. ಈಸಿಜಿ ಕಾಗದ ಮಾತ್ರ ಬೆಳ್ಳಗಾಗಿತ್ತು. ಶಾಖದಿಂದ ಮೂಡುವ ಆ ಗೆರೆಗಳು ಕೆಲವು ವರ್ಷದಲ್ಲಿ ಮಾಸಿ ಹೋಗುತ್ತವೆ. ಊರಲ್ಲಿ ವಯಸ್ಸಾದವರಿದ್ದರೆ ದಯವಿಟ್ಟು ಈಸಿಜಿಯನ್ನು ಜೆರಾಕ್ಸ್ ಮಾಡಿಸಿ ಇಡಿ.

ನಾನಿರುವುದು ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ, ಅಮ್ಮ ಬಂದಿದ್ದದ್ದು ಇಲ್ಲಿಗೆ. ಎರಡು ವರ್ಷದ ಹಿಂದೆ ಬಂದಿದ್ದಾಗಲೂ ಅಮ್ಮನಿಗೆ ಹೀಗೇ ಆಗಿ, ಬೇರೊಂದು ಆಸ್ಪತ್ರೆಯಲ್ಲಿ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿದ್ದರು. ಅದು ಈ ಆಸ್ಪತ್ರೆಯ ಕಂಪ್ಯೂಟರಿನಲ್ಲೇ ಕಾಣಬೇಕಿತ್ತು. ಡಾಕ್ಟರು ಹುಡುಕಿದರು, ಸಿಗಲಿಲ್ಲ. ಕಾರಣ ಅಮ್ಮನ ಹೆಸರು. ಪಾಸ್‌ಪೋರ್ಟಿನಲ್ಲಿ ಅವರಿಗೆ ಇರುವುದು ಒಂದೇ ಹೆಸರು. ಹಾಗಿದ್ದರೆ ವೀಸಾದಲ್ಲಿ ಅದನ್ನು ಮನೆತನದ ಹೆಸರಿನ ಜಾಗಕ್ಕೆ ಹಾಕಿ, ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು', ಅಂದರೆ ಮೊದಲ ಹೆಸರು ಗೊತ್ತಿಲ್ಲ, ಅಂತ ಬರೆಯುತ್ತಾರೆ. ಹೋದ ಸಲ ಅಪ್ಪನ ಹೆಸರು ಸೇರಿಸಿ ಬರೆಸಿದ್ದೆವು, ಈ ಸಲ ಎಫ್‌ಎನ್‌ಯು ಆಗಿತ್ತು. ಕಂಪ್ಯೂಟರಿಗೆ ಅವರು ಇಬ್ಬರು ಹೆಂಗಸರು. ಕೌಂಟರಿನಾಕೆ ತಾಳ್ಮೆಯಿಂದ ಹೆಸರನ್ನು ಮೂರು ರೀತಿ ಹೊಡೆದು ನೋಡಿದ ಮೇಲೆ ಹಳೆಯ ಎಕೋ ತೆರೆಯಿತು. ಡಾಕ್ಟರು ಅದನ್ನು ಈ ಸಲದ ಎಕೋ ಜೊತೆ ಹೋಲಿಸಿ, "ಹೊಸದೇನೂ ಇಲ್ಲ" ಅಂದಾಗ ನನ್ನ ಜೀವ ಬಂದಂತಾಯಿತು.

ಆ ಹಳೆಯ ಎಕೋ ಬಂದದ್ದು ಆಸ್ಪತ್ರೆಗಳ ನಡುವೆ ದಾಖಲೆ ಹಂಚುವ ಕ್ರಿಸ್ಪ್ ಎಂಬ ಸಂಸ್ಥೆಯ ಮೂಲಕ. 2009ರಲ್ಲಿ ರಾಜ್ಯ ಇದನ್ನು ತನ್ನ ಅಧಿಕೃತ ಆರೋಗ್ಯ ಮಾಹಿತಿ ವಿನಿಮಯ ವ್ಯವಸ್ಥೆ ಎಂದು ಆರಿಸಿತು. ನನಗೆ ಹೆಚ್ಚು ಮೆಚ್ಚುಗೆಯಾದದ್ದು ಅದರ ಒಂದು ಸಣ್ಣ ಕೆಲಸ: ರೋಗಿ ಆಸ್ಪತ್ರೆ ಸೇರಿದರೆ, ಬಿಡುಗಡೆಯಾದರೆ, ಅವರ ಮನೆ ಡಾಕ್ಟರಿಗೆ ತಕ್ಷಣ ಸುದ್ದಿ ಹೋಗುತ್ತದೆ. ನನಗೆ ಪಿತ್ತಕೋಶದ ಆಪರೇಷನ್ ಆಗಿ ಮನೆಗೆ ಬಂದ ಮರುದಿನವೇ ನಮ್ಮ ಡಾಕ್ಟರ ಆಫೀಸಿನಿಂದ ಫೋನ್ ಬಂತು. ಹೊಸ ಮಾತ್ರೆ ಯಾವುದು, ಹಳೆಯದರಲ್ಲಿ ಯಾವುದನ್ನು ನಿಲ್ಲಿಸಿದ್ದಾರೆ ಅಂತ ಒಂದೊಂದೇ ಕೇಳಿದರು.

ಇದೆಲ್ಲ ಸಾಫ್ಟ್‌ವೇರಿನ ಮಹಿಮೆ ಅಂತ ನಾನು ಬಹಳ ಕಾಲ ಅಂದುಕೊಂಡಿದ್ದೆ. ಆದರೆ ಸಾಫ್ಟ್‌ವೇರಿಗೆ ನಮ್ಮಲ್ಲಿ ಬರವೇ? ಬೇರು ದುಡ್ಡಿನಲ್ಲಿದೆ. ಮೇರಿಲ್ಯಾಂಡಿನಲ್ಲಿ 1970ರ ದಶಕದಿಂದಲೂ ಆಸ್ಪತ್ರೆಗಳ ದರ ನಿಗದಿ ಮಾಡುವುದು ರಾಜ್ಯದ ಆಯೋಗ. 2014ರಿಂದ ಒಂದೊಂದು ಆಸ್ಪತ್ರೆಗೂ ವರ್ಷದ ಒಟ್ಟು ಆದಾಯಕ್ಕೇ ಮಿತಿ ಹಾಕಿದ್ದಾರೆ. ಹಾಗಾಗಿ ಮಾಡಿದ ಸ್ಕ್ಯಾನನ್ನೇ ಮತ್ತೆ ಮಾಡಿದರೆ ಖರ್ಚು ಆಸ್ಪತ್ರೆಯದೇ, ರೋಗಿ ವಾರದಲ್ಲಿ ಮರಳಿ ಬಂದರೆ ನಷ್ಟವೂ ಅದರದೇ. ಪಕ್ಕದ ಆಸ್ಪತ್ರೆಯ ರಿಪೋರ್ಟು ನೋಡುವುದು ಅವರಿಗೂ ಲಾಭ. ಬೆಂಗಳೂರಿನಲ್ಲಿ ಲೆಕ್ಕ ತಿರುವುಮುರುವು. ತಿಪಟೂರಿನಲ್ಲಿ ಹಿಂದಿನ ವಾರ ಮಾಡಿಸಿದ ರಕ್ತ ಪರೀಕ್ಷೆಯನ್ನು ಪಕ್ಕಕ್ಕಿಟ್ಟು "ನಮ್ಮ ಲ್ಯಾಬಲ್ಲೇ ಮಾಡಿಸಿ" ಅಂದರೆ ಅದು ಬಿಲ್ಲಿನಲ್ಲಿ ಇನ್ನೊಂದು ಸಾಲು.

ನಮ್ಮಲ್ಲಿ ಈಗ ಹದಿನಾಲ್ಕು ಅಂಕಿಯ ಆಭಾ ನಂಬರ್, ಅಂದರೆ ಒಬ್ಬರ ಆರೋಗ್ಯ ದಾಖಲೆಗಳನ್ನು ಜೋಡಿಸುವ ಗುರುತಿನ ನಂಬರ್, ಇದೆ. ಅದನ್ನು ಕೊಡುವ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಇಡೀ ದೇಶಕ್ಕೆ ಬಂದದ್ದು 2021ರ ಸೆಪ್ಟೆಂಬರಿನಲ್ಲಿ. ಅಮೆರಿಕಕ್ಕೆ ಇಂಥ ನಂಬರೇ ಇಲ್ಲ. 1996ರ ಕಾನೂನು ಬೇಕೆಂದಿತು, ಎರಡೇ ವರ್ಷದಲ್ಲಿ ಸಂಸತ್ತು ಅದಕ್ಕೆ ಹಣ ಖರ್ಚು ಮಾಡಬಾರದೆಂದು ತಡೆಯಿತು. ಅದಕ್ಕೇ ಹೆಸರು, ಹುಟ್ಟಿದ ದಿನ, ವಿಳಾಸ ಹೊಂದಿಸಿ ಊಹಿಸುವ ಪಾಡು. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಟ್ಟ ಜೂನ್ ಒಂದನೇ ತಾರೀಕಿನವರ ಗತಿ ಏನು ಹೇಳಿ. ಅಮೆರಿಕದಲ್ಲೂ ಆಭಾದಂಥ ನಂಬರ್ ಇದ್ದಿದ್ದರೆ ಅಮ್ಮನ ಎಕೋ ಅರೆಕ್ಷಣದಲ್ಲಿ ಸಿಗುತ್ತಿತ್ತು.

ಒಪ್ಪಿಗೆಯ ವಿಷಯದಲ್ಲೂ ನಾನು ನಮ್ಮ ಕಡೆಯೇ. ಮೇರಿಲ್ಯಾಂಡಿನಲ್ಲಿ ನಾವಾಗಿ ಬೇಡ ಎಂದರೆ ಮಾತ್ರ ನಮ್ಮ ದಾಖಲೆ ಹಂಚಿಕೆಯಿಂದ ಹೊರಗುಳಿಯುತ್ತದೆ. ಬೇಡ ಅನ್ನಬಹುದು ಎಂಬ ಸಾಲು ಸಹಿ ಹಾಕುವ ಕಾಗದದ ಕಟ್ಟಿನೊಳಗೆ ಎಲ್ಲೋ ಇರುತ್ತದೆ. ನಾನೂ ಓದದೆ ಸಹಿ ಹಾಕಿದವನೇ. ನಮ್ಮ ವ್ಯವಸ್ಥೆಯಲ್ಲಿ ಯಾರಿಗೆ, ಯಾವ ಕಾರಣಕ್ಕೆ, ಎಷ್ಟು ದಿನ ಅಂತ ರೋಗಿಯನ್ನು ಕೇಳಬೇಕು, ಕೊಟ್ಟ ಒಪ್ಪಿಗೆಯನ್ನು ವಾಪಸ್ ಪಡೆಯಲೂಬಹುದು. ಮಾನಸಿಕ ಚಿಕಿತ್ಸೆಗೆ ಹೋದವರಿಗೆ, ಎಚ್‌ಐವಿ ಇದ್ದವರಿಗೆ ಇದರ ಬೆಲೆ ಗೊತ್ತು.

ಆದರೆ ನಂಬರಿನ ಹಿಂದೆ ದಾಖಲೆ ಇರಬೇಕಲ್ಲ? ಅಮ್ಮನ ಆಭಾ ಖಾತೆ ತೆರೆದು ನೋಡಿದೆ, ಖಾಲಿ. ಊರಿಗೆ ಹೋದಾಗ ಅಲ್ಲಿನ ಡಾಕ್ಟರು ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ಬೆಂಗ್ಳೂರಿಗೆ ರೆಫರ್ ಮಾಡ್ತೀವಿ ಸಾರ್. ಅಲ್ಲಿ ಏನ್ ಮಾಡಿದ್ರು ಅಂತ ನಮಗೆ ಗೊತ್ತಾಗೋದು ಪೇಷೆಂಟು ಮತ್ತೆ ಬಂದ್ರೆ ಮಾತ್ರ." ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಖಾಸಗಿ ಆಸ್ಪತ್ರೆಗೆ ಹಣ ಕೊಡುವುದು ಸರ್ಕಾರ. ರೋಗಿ ಒಪ್ಪಿದಲ್ಲಿ, ಅವರನ್ನು ರೆಫರ್ ಮಾಡಿದ ಡಾಕ್ಟರಿಗೆ ಡಿಸ್ಚಾರ್ಜ್ ಸಮ್ಮರಿ ತಲುಪಿದ ಮೇಲೇ ಬಿಲ್ ಪಾಸು ಅಂತ ಒಂದು ಷರತ್ತು ಹಾಕಲಿ. ಹೊಸ ಆ್ಯಪ್ ಬೇಕಿಲ್ಲ. ಯಾರಿಗೆ ಎಷ್ಟು ನಂಬರ್ ಕೊಟ್ಟೆವು ಅಂತ ಎಣಿಸುವ ಬದಲು ಎಷ್ಟು ಸಮ್ಮರಿ ತಾಲ್ಲೂಕಿಗೆ ವಾಪಸ್ ಬಂತು ಅಂತ ಎಣಿಸಿದರೆ ಸಾಕು.

ಅಮ್ಮ ವಾಪಸ್ ಹೊರಡುವಾಗ ಎರಡೂ ಎಕೋ ರಿಪೋರ್ಟನ್ನು ಪ್ರಿಂಟ್ ತೆಗೆದು ಕವರಿಗೆ ಹಾಕಿದೆ. ತಿಪಟೂರಿನ ಡಾಕ್ಟರು ಕನ್ನಡಕ ಏರಿಸಿಕೊಂಡು ಅದನ್ನೇ ಓದಿ, ಬಿಪಿ ಮಾತ್ರೆ ಬದಲಾಯಿಸಿದರಂತೆ.