ಹೆಬ್ಬೆರಳಿಗೆ ಅರ್ಧ ರಿಯಾಯಿತಿ

ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಹೈನ್ರಿಶ್ ಹಾಫ್‌ಮನ್ ಎಂಬ ವೈದ್ಯರಿದ್ದರು. ಪುಟ್ಟ ಮಗನಿಗೆ ಕ್ರಿಸ್‌ಮಸ್ ಉಡುಗೊರೆ ಕೊಡಲು ಹಿಡಿಸುವಂಥ ಚಿತ್ರಪುಸ್ತಕ ಸಿಗಲಿಲ್ಲವೆಂದು ತಾವೇ ಬರೆದು, ಚಿತ್ರವನ್ನೂ ತಾವೇ ಬಿಡಿಸಿದರು. 1845ರಲ್ಲಿ ಅಚ್ಚಾದ ಆ ಪುಸ್ತಕದಲ್ಲಿ, ಬೆರಳು ಚೀಪುವ ಕಾನ್ರಾಡನ ಎರಡೂ ಹೆಬ್ಬೆರಳುಗಳನ್ನು ದರ್ಜಿಯೊಬ್ಬ ದೊಡ್ಡ ಕತ್ತರಿ ಹಿಡಿದು ಬಂದು ಕಚಕ್ಕನೆ ಕತ್ತರಿಸುತ್ತಾನೆ. ಸೂಪು ಬೇಡವೆಂದು ಹಟ ಹಿಡಿದ ಕಾಸ್ಪರ್ ಐದನೆಯ ದಿನ ಸತ್ತೇ ಹೋಗುತ್ತಾನೆ. ಮರುವರ್ಷದ ಆವೃತ್ತಿಯಲ್ಲಿ ಸೇರಿಕೊಂಡ ಕತೆಯಲ್ಲಿ ಬೆಂಕಿಕಡ್ಡಿ ಗೀರಿದ ಹುಡುಗಿ ಉರಿದು ಬೂದಿಯಾಗುತ್ತಾಳೆ. ಮನೆಯ ಎರಡು ಬೆಕ್ಕುಗಳು ಪಕ್ಕದಲ್ಲಿ ಕೂತು ಕಣ್ಣೀರು ಸುರಿಸುತ್ತವೆ. ಮೂರು ವರ್ಷದ ಮಗುವಿಗೆ ಇದು ಹಬ್ಬದ ಉಡುಗೊರೆ!

ಇಂಥ ಹಳೆಯ ನೀತಿಕತೆಗಳ ಧಾಟಿಯನ್ನೇ ಹಿಡಿದು ಬ್ರಿಟನ್ನಿನ ಐಟಿವಿ 2000ದಲ್ಲಿ ‘ಗ್ರಿಜ್ಲಿ ಟೇಲ್ಸ್ ಫಾರ್ ಗ್ರೂಸಮ್ ಕಿಡ್ಸ್’ ಎಂಬ ಕಾರ್ಟೂನ್ ಸರಣಿ ಶುರುಮಾಡಿತು. ನಟ ನೈಜೆಲ್ ಪ್ಲೇನರ್ ಅವರ ದನಿಯಲ್ಲಿ ಅಂಕಲ್ ಒಬ್ಬ ಕತೆ ಹೇಳುತ್ತಾನೆ. ತರಲೆ ಮಗು ಕಂತು ಮುಗಿಯುವಷ್ಟರಲ್ಲಿ ತಪ್ಪಿಗಿಂತ ನೂರು ಪಾಲು ಘೋರವಾದ ಗತಿ ಕಾಣುತ್ತದೆ. ಅಷ್ಟು ಸಣ್ಣ ತಪ್ಪಿಗೆ ಇಷ್ಟು ದೊಡ್ಡ ಶಿಕ್ಷೆಯೇ ಎಂದು ನೋಡುವವರಿಗೆ ನಗು.

ಇದನ್ನು ಕನ್ನಡದಲ್ಲಿ, ಬೆಂಗಳೂರಿನಲ್ಲಿ ತೆಗೆಯಲು ಯಾವುದಾದರೂ ವಾಹಿನಿ ಹೊರಟರೆ ನನ್ನದೊಂದು ಬಿಟ್ಟಿ ಸಲಹೆ: ಕತೆಗಾರರಿಗೆ ಮುಂಗಡ ಕೊಟ್ಟು ಹಣ ಹಾಳು ಮಾಡಬೇಡಿ. ನಮ್ಮ ಆಡಳಿತವೇ ಕತೆಗಳನ್ನು ಹೊಸೆದು ಇಟ್ಟಿದೆ, ಅದೂ ಮುಖದಲ್ಲಿ ಒಂದು ಗೆರೆ ನಗುವಿಲ್ಲದೆ.

ಮೊದಲ ಕಂತು 2025ರ ಅಕ್ಟೋಬರಿನದು. ಬೀದಿಗೆ ಕಸ ಎಸೆಯುವವರನ್ನು ಮಾರ್ಷಲ್‌ಗಳು ಮೊಬೈಲಿನಲ್ಲಿ ಸೆರೆಹಿಡಿದು, ಮನೆ ಪತ್ತೆ ಮಾಡಿ, ಅವರ ಬಾಗಿಲಿಗೇ ಕಸ ಸುರಿದು ದಂಡ ಹಾಕುವ ‘ಕಸ ಸುರಿಯುವ ಹಬ್ಬ’ ಅಧಿಕೃತವಾಗಿಯೇ ಆರಂಭವಾಯಿತು. ದೃಶ್ಯವನ್ನು ಹೀಗೆ ತೆಗೆಯಬಹುದು. ಅಪ್ಪ ಸ್ಕೂಟರ್ ನಿಧಾನಿಸಿ, ಗಂಟು ಕಟ್ಟಿದ ಕಪ್ಪು ಕವರನ್ನು ಟ್ರಾನ್ಸ್‌ಫಾರ್ಮರಿನ ಬುಡಕ್ಕೆ ಬೀಸಿ, ತಿರುಗಿ ನೋಡದೆ ಹೋಗುತ್ತಾನೆ. ಹಿಂದೆ ಕೂತ ಮಗಳ ಶಾಲಾ ಚೀಲದಲ್ಲಿ ಸ್ವಚ್ಛತೆಯ ಮೇಲಿನ ಪ್ರಬಂಧವಿದೆ, ಬರೆದುಕೊಟ್ಟವನೂ ಅಪ್ಪನೇ. ಸ್ವಲ್ಪ ಹೊತ್ತಿಗೆ ಆಟೋ ಟಿಪ್ಪರ್ ಬಂದು ಮನೆ ಮುಂದೆ ನಿಲ್ಲುತ್ತದೆ. ಅಮ್ಮ ಬೆಳಗ್ಗೆ ಎಳೆದ ರಂಗೋಲಿಯ ಮೇಲೆ ಹುರುಳಿಕಾಯಿಯ ನಾರು, ಕಾಫಿ ಪುಡಿಯ ಚರಟ, ಒಡೆದ ಮೊಟ್ಟೆ ಸಿಪ್ಪೆ, ಜೊತೆಗೆ ಇವರದಲ್ಲದ ಇನ್ನಾರದೋ ಹಳೆಯ ದಿಂಬು. ಕಸ ಒಯ್ಯಲು ವಾರವಾದರೂ ಬಾರದ ಗಾಡಿ, ಕಸ ತಂದುಕೊಡಲು ಹೊತ್ತಿಗೆ ಸರಿಯಾಗಿ ಬಂದಿದೆ. ಪಕ್ಕದ ಮನೆಯ ಅಜ್ಜಿ ಕಾಂಪೌಂಡಿನಿಂದ ಕತ್ತು ಚಾಚಿ ಕೇಳುತ್ತಾರೆ: “ನಿಮ್ಮ ಮನೆಗಾದರೂ ಗಾಡಿ ಬಂತಲ್ಲಮ್ಮ. ನಮ್ಮ ಮನೆಗೆ ಬರಬೇಕಾದರೆ ನಾವು ಏನು ಎಸೆಯಬೇಕು?”

ಬೀದಿಗೆ ಕಸ ಸುರಿಯಬಾರದು ಎಂದು ತಿಳಿಹೇಳಲು ಬೀದಿಗೆ ಕಸ ಸುರಿಯುವುದು ಹಾಫ್‌ಮನ್ ವೈದ್ಯರಿಗೂ ಹೊಳೆದಿರಲಿಲ್ಲ.

ಎರಡನೆಯ ಕಂತಿಗೆ ಸಂಚಾರ ನಿಯಮ. ಸಿಗ್ನಲ್ ಜಿಗಿದವರ, ಹೆಲ್ಮೆಟ್ಟನ್ನು ಮೊಣಕೈಗೆ ತೊಡಿಸಿಕೊಂಡು ಓಡಾಡಿದವರ ದಂಡ ಬೆಟ್ಟದಷ್ಟು ಬಾಕಿ ಬಿದ್ದಾಗ ಸರ್ಕಾರ 2023ರ ಫೆಬ್ರುವರಿಯಲ್ಲಿ ಶೇ 50 ರಿಯಾಯಿತಿ ಘೋಷಿಸಿತು. 2025ರ ಆಗಸ್ಟ್‌ನಲ್ಲಿ ಮತ್ತೆ ಅದೇ ಕೊಡುಗೆ, ಸೆಪ್ಟೆಂಬರ್ 12ರವರೆಗೆ. ನಮ್ಮ ಸರಣಿಯ ದರ್ಜಿ ಕತ್ತರಿ ಮಸೆಯುತ್ತ ಬಂದು ಕಾನ್ರಾಡನಿಗೆ ಹೇಳುತ್ತಾನೆ: “12ನೇ ತಾರೀಖಿನೊಳಗೆ ಬಂದರೆ ಒಂದೇ ಹೆಬ್ಬೆರಳು, ಮರಿ.” ಕಾನ್ರಾಡ ಬೆರಳು ಚೀಪುತ್ತಲೇ ಮುಂದಿನ ರಿಯಾಯಿತಿಗೆ ಕಾಯುತ್ತಾನೆ. ತಪ್ಪು ಮಾಡಿದಂದೇ ಪೂರ್ತಿ ದಂಡ ಕಟ್ಟಿದ ಪೆದ್ದನೇ ಈ ಕಂತಿನ ಕೆಟ್ಟ ಹುಡುಗ. ಅವನಿಗೇನು ಶಿಕ್ಷೆ? ದಂಡ ಕಟ್ಟಿ ಆಗಿದೆಯಲ್ಲ, ಅದೇ.

2019ರಲ್ಲಿ ಕೆಲವು ವೃತ್ತಗಳಲ್ಲಿ ಸಮವಸ್ತ್ರ ತೊಡಿಸಿ ಪೊಲೀಸ್ ಬೊಂಬೆಗಳನ್ನು ನಿಲ್ಲಿಸಿದ್ದನ್ನೂ ಒಂದು ಚಿಕ್ಕ ಕಂತಾಗಿ ತುರುಕಬಹುದು. ಪಂಚತಂತ್ರದಲ್ಲಿ ಹುಲಿಯ ಚರ್ಮ ಹೊದ್ದ ಕತ್ತೆ ಅರಚಿ ಸಿಕ್ಕಿಬೀಳುತ್ತದೆ. ಬೊಂಬೆ ಅರಚುವುದೂ ಇಲ್ಲ, ವರ್ಗಾವಣೆ ಕೇಳುವುದೂ ಇಲ್ಲ.

ಇಷ್ಟರವರೆಗೆ ತಪ್ಪು ಮಾಡಿದವರು ನಾವು, ಬೆತ್ತ ಹಿಡಿದವರು ಅವರು. ಬೆತ್ತ ಹಿಡಿದವರೇ ತಪ್ಪು ಮಾಡಿದರೆ? ಅದಕ್ಕೆ ಬೆಳ್ಳಂದೂರು ಕೆರೆಯ ಕಂತು. ಹಾಫ್‌ಮನ್ ಕತೆಯಲ್ಲಿ ಬೆಂಕಿಗೆ ಹುಡುಗಿ ಆಹುತಿಯಾದರೆ ನಮ್ಮಲ್ಲಿ ನೀರೇ ಹೊತ್ತಿಕೊಂಡಿತು. ಸಂಸ್ಕರಿಸದ ಕೊಳಚೆ ಹರಿದು, ಕಸ ತುಂಬಿ, ಕಳೆ ಬೆಳೆದು, 2018ರ ಜನವರಿಯಲ್ಲಿ ಎದ್ದ ಬೆಂಕಿ ಆರಿಸಲು ಸೈನಿಕರೇ ಬರಬೇಕಾಯಿತು. ಕೆರೆಯ ನೊರೆ ರಸ್ತೆಗೆ ಹಾರಿ ವಾಹನಗಳ ಮೇಲೆ ಕೂರುತ್ತಿದ್ದುದು ಅದಕ್ಕೂ ಮೊದಲಿನ ಪವಾಡ. ಆ ವರ್ಷದ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ರಾಜ್ಯ ಸರ್ಕಾರಕ್ಕೆ 50 ಕೋಟಿ, ಪಾಲಿಕೆಗೆ 25 ಕೋಟಿ ರೂಪಾಯಿ ದಂಡ ವಿಧಿಸಿತು. ದಂಡದ ಹಣ ಯಾರ ಜೇಬಿನದು? ಮೂಗು ಮುಚ್ಚಿಕೊಂಡು ಕೆರೆ ದಂಡೆಯಲ್ಲಿ ಬದುಕಿದವರ ತೆರಿಗೆಯದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಗಾದೆಯೆಂದುಕೊಂಡಿದ್ದೆವು, ಆಡಳಿತ ಪದ್ಧತಿಯೂ ಹೌದು. ಅಳಲು ಇಲ್ಲಿ ಬೆಕ್ಕುಗಳನ್ನು ಬಾಡಿಗೆಗೆ ತರಬೇಕಿಲ್ಲ. ಸುತ್ತಲ ಅಪಾರ್ಟ್‌ಮೆಂಟಿನವರ ಕಣ್ಣಲ್ಲಿ ಹೊಗೆಗೇ ನೀರು ಬರುತ್ತಿತ್ತು.

ನಮ್ಮ ಪುಣ್ಯಕೋಟಿಯ ಕತೆಯಲ್ಲಿ ಹಸುವಿನ ಸತ್ಯಕ್ಕೆ ನಾಚಿ ಹುಲಿಯೇ ಪ್ರಾಣ ಬಿಡುತ್ತದೆ. ಈ ಕಂತಿಗೆ ಅಂಥ ಹುಲಿ ಬೇಕಾಗುತ್ತದೆ ಎಂದು ನಿರ್ಮಾಪಕರು ಪಾತ್ರಧಾರಿಯನ್ನು ಹುಡುಕಲು ಕಚೇರಿಗಳಿಗೆ ಹೋಗುವುದು ಬೇಡ, ಪೆಟ್ರೋಲು ದಂಡ.

ನಮ್ಮೂರಲ್ಲಿ ದೊಡ್ಡವರು ಹೆದರಿದ ಕತೆ ನೆನಪಿಗೆ ಬರುವುದು ಒಂದೇ. 2015ರಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯೊಂದಕ್ಕೆ ಹಸಿರು ಬಣ್ಣ ಬಳಿದು, ಕೊಳದಂತೆ ಮಾಡಿ, ಅದರಲ್ಲೊಂದು ಮೊಸಳೆ ಬಿಟ್ಟರು. ಫೈಬರ್ ಮೊಸಳೆ. ಚಿತ್ರ ಊರೂರು ಸುತ್ತಿದ ಮೇಲೆ ಪಾಲಿಕೆಯವರು ಧಾವಿಸಿ ಬಂದು ಗುಂಡಿ ದುರಸ್ತಿಗೆ ಇಳಿದರು. ಅರ್ಜಿಗೆ, ದೂರಿಗೆ, ಮುರಿದ ಸೊಂಟಕ್ಕೆ ಬಗ್ಗದವರು ಮೊಸಳೆಗೆ ಬಗ್ಗಿದರು.

ಆದ್ದರಿಂದ ಸರಣಿಯ ಬಜೆಟ್ಟಿನಲ್ಲಿ ಹೆಚ್ಚಿನ ಪಾಲು ಮೊಸಳೆಗಳಿಗೇ ಇಡಿ. ಗುಂಡಿಗೊಂದರಂತೆ. ಪೂರೈಕೆಯನ್ನು ಮಾತ್ರ ಸರ್ಕಾರಕ್ಕೆ ವಹಿಸಬೇಡಿ. ಹಲ್ಲಿಗೆ ಒಂದು ಟೆಂಡರ್, ಬಾಲಕ್ಕೆ ಇನ್ನೊಂದು ಟೆಂಡರ್ ಕರೆದು, ಮಳೆಗಾಲಕ್ಕೆ ಮೊಸಳೆಯ ಹೊಟ್ಟೆ ಮಾತ್ರ ತಲುಪುತ್ತದೆ.